"ಟಾಪ್-ಅಪ್ ಮಾಡಿದೀವಿ ಸಾರ್!"

ಸರ್ವೀಸ್‌ಗೆ ಬಿಟ್ಟಿದ್ದ ಕಾರನ್ನು ವಾಪಸ್ ಕೊಡುವಾಗ ಹುಡುಗ ಹೇಳಿದ, "ಬ್ರೇಕ್ ಆಯಿಲ್ ಕಮ್ಮಿ ಇತ್ತು, ಟಾಪ್-ಅಪ್ ಮಾಡಿದೀವಿ ಸಾರ್." ಎಷ್ಟು ಕಾಳಜಿ ಇವರಿಗೆ ಅಂದುಕೊಂಡು ದುಡ್ಡು ಕೊಟ್ಟು ಬಂದೆ. ಕಮ್ಮಿಯಾಗಿದ್ದು ಎಲ್ಲಿಗೆ ಹೋಯ್ತಪ್ಪಾ ಅಂತ ಕೇಳಬೇಕು ಅನ್ನೋದು ನನ್ನ ಇಂಜಿನಿಯರಿಂಗ್ ತಲೆಗೆ ಹೊಳೆಯಲೇ ಇಲ್ಲ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ, ರಾಮನಗರದಿಂದ ಕನಕಪುರದ ಮೇಲೆ ಸಂಗಮಕ್ಕೆ ಹೊರಟಿದ್ವಿ. ಹಿಂದಿನ ಸೀಟಲ್ಲಿ ಅಪ್ಪ, ಅಮ್ಮ. ಪ್ರತಿ ತಿರುವಿನಲ್ಲೂ ಹ್ಯಾಂಡ್ ಬ್ರೇಕಿನ ಕೆಂಪು ದೀಪ ಮಿಣಕ್ ಅಂತ ಹತ್ತಿ ಆರುತ್ತಿತ್ತು. ಸಾತನೂರಿನಲ್ಲಿ ಟೀಗೆ ನಿಲ್ಲಿಸುವಾಗ ಪೆಡಲ್ ಎಂದಿಗಿಂತ ಒಂದು ಬೆರಳು ಹೆಚ್ಚೇ ಒಳಗೆ ಹೋಯಿತು. ಸಂಗಮಕ್ಕೆ ಕಾಡಿನೊಳಗೆ ಇಳಿಯುವ ಆ ಸುತ್ತುಬಳಸಿನ ಇಳಿಜಾರು ನೋಡಿದವರಿಗೆ ನನ್ನ ಹೊಟ್ಟೆಯೊಳಗೆ ಆಗ ಏನಾಯಿತು ಅಂತ ಗೊತ್ತಾಗುತ್ತೆ. ಟೀ ಕುಡಿಯದೆ ಮುಂದೆ ಹೋಗಿದ್ದರೆ?

ಫೋನ್ ಮಾಡಿದ ಮೇಲೆ ಬೈಕಲ್ಲಿ ಬಂದ ಮೆಕ್ಯಾನಿಕ್‌ಗೆ ಐವತ್ತರ ಮೇಲೆ ವಯಸ್ಸು. ಬಾನೆಟ್ ತೆಗೆದು ಟ್ಯಾಂಕ್ ನೋಡಿದ್ರು. ಮಿನಿಮಮ್ ಗೆರೆಗಿಂತ ಕೆಳಗೆ. ತುಂಬಿಸಲಿಲ್ಲ! ನನ್ನನ್ನು ಪೆಡಲ್ ಒತ್ತಿ ಹಿಡಿಯಲು ಹೇಳಿ, ಒಂದೊಂದು ಚಕ್ರದ ಒಳಮೈಗೂ ಕೈ ಹಾಕಿ ಸವರುತ್ತಾ ಬಂದ್ರು. ಹಿಂದಿನ ಎಡಚಕ್ರಕ್ಕೆ ಬಂದಾಗ ಕೈ ಒದ್ದೆ. ಬೆರಳುಗಳ ನಡುವೆ ಉಜ್ಜಿ, ಮೂಸಿ, "ಇಲ್ಲಿದೆ ನೋಡಿ ನಿಮ್ಮ ಆಯಿಲ್" ಅಂದ್ರು. ನಾನು ಪಾಸ್ಕಲ್ ನಿಯಮಕ್ಕೆ ಪೂರ್ತಿ ಅಂಕ ತೆಗೆದುಕೊಂಡವನು, ಸುಮ್ಮನೆ ನಿಂತಿದ್ದೆ :)

ಕಾರನ್ನು ಕನಕಪುರಕ್ಕೆ ಟೋ ಮಾಡಿಸಿ ಡ್ರಮ್ ಬಿಚ್ಚಿದಾಗ, ವೀಲ್ ಸಿಲಿಂಡರಿನ ರಬ್ಬರ್ ಕಪ್ ಸವೆದು, ಬ್ರೇಕ್ ಶೂ ಪೂರ್ತಿ ನೆನೆದಿತ್ತು. ಶೂ ಒರೆಸಿ ಹಾಕಿದರೆ ಆಗಲ್ವಾ ಅಂತ ಕೇಳಿದೆ (ಜಿಪುಣತನ!). ಒಮ್ಮೆ ಹೀರಿಕೊಂಡ ಶೂ ಮತ್ತೆ ಸರಿಯಾಗಿ ಹಿಡಿಯಲ್ಲವಂತೆ. ಒಂದೇ ಬದಿ ಬದಲಾಯಿಸಿದರೆ ಬ್ರೇಕ್ ಹಾಕಿದಾಗ ಕಾರು ಒಂದು ಕಡೆ ಎಳೆಯುತ್ತೆ. ಹಾಗಾಗಿ ಎರಡೂ ಬದಿಗೆ ಹೊಸ ಸಿಲಿಂಡರ್, ಹೊಸ ಶೂ. ಆಮೇಲೆ ಗಾಳಿ ತೆಗೆಯುವ ಕೆಲಸ. "ಒತ್ತಿ... ಹಿಡ್ಕೊಳಿ... ಬಿಡಿ..." ಅರ್ಧ ಗಂಟೆ ಇದೇ ಮಂತ್ರ.

ನನ್ನ ಸಿಟ್ಟು ಇರೋದು ಆ ಟಾಪ್-ಅಪ್ ಮೇಲೆ. ಬ್ರೇಕ್ ಆಯಿಲ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಲ್ಲ, ಮುಚ್ಚಿದ ಪೈಪಿನೊಳಗೆ ಇರುವುದು. ಅದು ಇಳಿಯಲು ಇರೋದು ಎರಡೇ ಕಾರಣ. ಒಂದು, ಪ್ಯಾಡ್ ಸವೆದು ಪಿಸ್ಟನ್ ಹೊರಗೆ ಬಂದಿರಬೇಕು. ಆಗ ತುಂಬಿಸಿದರೆ, ಹೊಸ ಪ್ಯಾಡ್ ಹಾಕುವ ದಿನ ಟ್ಯಾಂಕ್ ಉಕ್ಕಿ ಕಾರಿನ ಬಣ್ಣ ಕಿತ್ತುಬರುತ್ತೆ. ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಆಗ ತುಂಬಿಸಿದರೆ, ಎಚ್ಚರಿಸಬೇಕಾದ ದೀಪವನ್ನು ನಾವೇ ಆರಿಸಿದ ಹಾಗೆ. ಯಾವ ಲೆಕ್ಕದಲ್ಲೂ ನೋಡದೆ ತುಂಬಿಸೋದು ತಪ್ಪೇ. ಆದರೆ ಚೆಕ್‌ಲಿಸ್ಟಿನಲ್ಲಿ "ಲೆವೆಲ್ ಸರಿ ಇದೆ" ಅಂತ ಟಿಕ್ ಬೀಳುತ್ತಲ್ಲ, ಅಷ್ಟು ಸಾಕು. ನಮ್ಮ ಆಫೀಸಲ್ಲೂ ಮೆಮೊರಿ ಲೀಕ್ ಹುಡುಕೋ ಬದಲು ರಾತ್ರಿ ಸರ್ವರ್ ರೀಸ್ಟಾರ್ಟ್ ಮಾಡಿ ಮಲಗ್ತೀವಿ, ಅದು ಬೇರೆ ಮಾತು. ಸರ್ವರ್ ಇಳಿಜಾರಿನಲ್ಲಿ ಹೋಗುವುದಿಲ್ಲ.

ದೊಡ್ಡವರೂ ಇದರಿಂದ ಹೊರತಲ್ಲ. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಹ್ಯುಂಡೈ ಮತ್ತು ಕಿಯಾ ಸೇರಿ ಸುಮಾರು 33.7 ಲಕ್ಷ ವಾಹನಗಳನ್ನು ರೀಕಾಲ್ ಮಾಡಿದವು. ಎಬಿಎಸ್ ಘಟಕದೊಳಗೆ ಬ್ರೇಕ್ ಫ್ಲೂಯಿಡ್ ಸೋರಿ, ಶಾರ್ಟ್ ಆಗಿ ಬೆಂಕಿ ಹತ್ತುವ ಅಪಾಯವಿತ್ತು. ಕಾರನ್ನು ಮನೆಯಿಂದ ದೂರ, ಬಯಲಲ್ಲಿ ನಿಲ್ಲಿಸಿ ಅಂದರು. ಅವರು ಘೋಷಿಸಿದ ಪರಿಹಾರ ಏನು ಗೊತ್ತಾ? ಫ್ಯೂಸ್ ಬದಲಾಯಿಸೋದು! ಬೆಂಕಿ ತಪ್ಪಬಹುದು, ಒಪ್ಪೋಣ. ಸೋರಿಕೆ?

ನಮ್ಮ ಕಾನೂನಿನ ಕಥೆ ಇನ್ನೂ ಮಜಾ. ಖಾಸಗಿ ಕಾರಿನ ಹೊಗೆಯನ್ನು ಕನಿಷ್ಠ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ದಂಡ. ಬ್ರೇಕ್? ನೋಂದಣಿ ಮುಗಿಯುವ 15 ವರ್ಷದ ತನಕ ಫಿಟ್‌ನೆಸ್ ತಪಾಸಣೆಯೇ ಇಲ್ಲ. ಹೊಗೆ ಪರೀಕ್ಷೆಯ ದಿನವೇ ಯಾರಾದರೂ ಪೆಡಲ್ ಒತ್ತಿಸಿ ನಾಲ್ಕು ಚಕ್ರ ಸವರಿ ನೋಡಿದರೆ ಐದು ನಿಮಿಷದ ಕೆಲಸ. ಬೆಂಗಳೂರಿನಲ್ಲಿ ಓಡಿ ಸುಸ್ತಾದ ಎಷ್ಟೋ ಕಾರುಗಳು ಸೆಕೆಂಡ್ ಹ್ಯಾಂಡ್ ಆಗಿ ನಮ್ಮ ಮಾಗಡಿ, ಚನ್ನಪಟ್ಟಣಕ್ಕೇ ಬರುತ್ತವೆ. ನಮಗೇ ಇದು ಹೆಚ್ಚು ಬೇಕು.

ಡಿಕ್ಕಿಯಲ್ಲಿ ಅರ್ಧ ಬಾಟಲಿ ಬ್ರೇಕ್ ಆಯಿಲ್ ಇಟ್ಟುಕೊಂಡು ಓಡಾಡುವವರಿಗೆ ಒಂದು ಮಾತು. ಹೆಸರಿಗಷ್ಟೇ ಅದು ಆಯಿಲ್. ನಮ್ಮ ಕಾರುಗಳಲ್ಲಿರುವ ಡಾಟ್ 3, ಡಾಟ್ 4 ಗಾಳಿಯಿಂದ ನೀರು ಹೀರುತ್ತವೆ. ಡಾಟ್ 4 ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ಶೇಕಡಾ 3.7ರಷ್ಟು ನೀರು ಸೇರಿದರೆ 155 ಡಿಗ್ರಿ ಸಾಕು. ಇಳಿಜಾರಿನಲ್ಲಿ ಬ್ರೇಕ್ ಕಾದು ಅದು ಕುದ್ದರೆ ಪೈಪಿನಲ್ಲಿ ಆವಿ, ಕಾಲ ಕೆಳಗೆ ಸ್ಪಂಜು. ಇನ್ನು ಇಂಜಿನ್ ಆಯಿಲ್ ಅಂತೂ ಒಂದು ಹನಿಯೂ ಬೇಡ, ರಬ್ಬರ್ ಎಲ್ಲಾ ಊದಿಕೊಳ್ಳುತ್ತೆ.

ಹೊರಡುವಾಗ ಆ ಮೆಕ್ಯಾನಿಕ್ ಟ್ಯಾಂಕಿನ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದು ತಾರೀಖು ಬರೆದುಕೊಟ್ಟರು. ನಾಲ್ಕು ತಿಂಗಳಾಯ್ತು, ಆಯಿಲ್ ಗೆರೆಯಲ್ಲೇ ಇದೆ. ಮೊನ್ನೆ ಸರ್ವೀಸ್‌ಗೆ ಬಿಟ್ಟಾಗ ಅದೇ ಹುಡುಗ ಕೇಳಿದ, "ಸಾರ್, ಇದೇನೋ ಕಲೆ ಆಗಿದೆ, ಒರೆಸಿಬಿಡ್ಲಾ?"