ಮಲ್ಪೆಯ ಶರತ್ಕಾಲ: ರಜೆ ಬಂತು, ಕಡಲು ಸಿದ್ಧವಾಗಿದೆಯೇ?

ಉಡುಪಿ: ಆಶ್ವಯುಜ ಮಾಸ ಕಾಲಿಡುತ್ತಿದ್ದಂತೆ ಮಲ್ಪೆಯ ಕಡಲ ತೀರ ಮತ್ತೆ ಕಳೆಗಟ್ಟುತ್ತದೆ. ಮಳೆಗಾಲದಲ್ಲಿ ಪ್ರವಾಸಿಗರು ನೀರಿಗಿಳಿಯದಂತೆ ಕಟ್ಟಿದ್ದ ಬಲೆಯ ಬೇಲಿ ತೆರವಾಗುತ್ತದೆ. ಕೆಂಪು ಬಾವುಟಗಳು ವಿರಳವಾಗುತ್ತವೆ. ಸೇಂಟ್ ಮೇರಿಸ್ ದ್ವೀಪಕ್ಕೆ ಜನರನ್ನು ಒಯ್ಯುವ ದೋಣಿಗಳಿಗೆ ಹೊಸ ಬಣ್ಣ ಬೀಳುತ್ತದೆ, ಚುರುಮುರಿ ಗಾಡಿಗಳು ತಮ್ಮ ಹಳೆಯ ಜಾಗಗಳಿಗೆ ಮರಳುತ್ತವೆ. ದಸರಾ ರಜೆ ಆರಂಭವಾದ ಮೊದಲ ಶನಿವಾರವೇ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ವಾಹನಗಳು ಉಡುಪಿಯ ಶ್ರೀಕೃಷ್ಣ ಮಠದ ಪಾರ್ಕಿಂಗ್ ಜಾಗವನ್ನು ತುಂಬಿ, ಮಧ್ಯಾಹ್ನದ ಭೋಜನ ಪ್ರಸಾದ ಮುಗಿದೊಡನೆ ಆರೇ ಕಿಲೋಮೀಟರ್ ದೂರದ ಮಲ್ಪೆಯತ್ತ ಹೊರಳುತ್ತವೆ.

ಈ ಉತ್ಸಾಹದಲ್ಲಿ ತಪ್ಪೇನೂ ಇಲ್ಲ. ಆದರೆ ವರ್ಷ ವರ್ಷವೂ ಕೇಳಬೇಕಾದ, ಕೇಳದೆಯೇ ಉಳಿಯುವ ಪ್ರಶ್ನೆಯೊಂದಿದೆ. ತೀರವನ್ನು ಮತ್ತೆ ತೆರೆಯುವ ದಿನವನ್ನು ನಿರ್ಧರಿಸುತ್ತಿರುವುದು ಯಾವುದು? ಕಡಲಿನ ಸ್ಥಿತಿಯೋ, ಶಾಲೆಗಳ ರಜಾ ಪಟ್ಟಿಯೋ, ಅಥವಾ ಟೆಂಡರ್ ಪತ್ರದಲ್ಲಿರುವ ತಾರೀಖೋ?

ಕರಾವಳಿಯ ಹಳೆಯ ಲೆಕ್ಕ

ಕರಾವಳಿಯವರು ತಮ್ಮ ವರ್ಷವನ್ನು ಇಂಗ್ಲಿಷ್ ತಿಂಗಳುಗಳಿಂದ ಅಳೆದವರಲ್ಲ. ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯೊಂದಿಗೆ ಕೋಲ, ನೇಮಗಳು ನಿಲ್ಲುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಶ್ರಾವಣದಲ್ಲಿ ವಡಭಾಂಡೇಶ್ವರದ ಬಲರಾಮನಿಗೆ ಪ್ರಾರ್ಥನೆ ಸಲ್ಲಿಸಿ, ಸಮುದ್ರಕ್ಕೆ ಹಾಲೆರೆದು ಪೂಜಿಸಿದ ಬಳಿಕ ಮೊಗವೀರರು ಹೊಸ ಋತುವಿನ ಬಲೆ ಬೀಸುತ್ತಾರೆ. ಅಂದರೆ ಕಡಲಿನ ನಾಡಿ ಬಲ್ಲವರು ಆಗಸ್ಟ್‌ನಲ್ಲೇ ಇಳಿಯುತ್ತಾರೆ. ಆದರೆ ಅವರ ಕೈಯಲ್ಲಿ ದೋಣಿಯಿದೆ, ಬೆನ್ನ ಹಿಂದೆ ತಲೆಮಾರುಗಳ ಅನುಭವವಿದೆ.

ಮಠದ ಪದ್ಧತಿ ಇನ್ನೂ ಎಚ್ಚರಿಕೆಯದು. ಉಡುಪಿಯ ರಥಬೀದಿಯಲ್ಲಿ ಮಳೆಗಾಲಕ್ಕೆ ನಿಂತ ರಥೋತ್ಸವ ಮತ್ತೆ ಹೊರಡುವುದು ಕಾರ್ತಿಕ ಶುದ್ಧ ಉತ್ಥಾನ ದ್ವಾದಶಿಯ ಹೊತ್ತಿಗೆ, ಲಕ್ಷದೀಪೋತ್ಸವದೊಂದಿಗೆ. ಅಲ್ಲಿಯವರೆಗೆ ಕರಾವಳಿಯ ಆಕಾಶವನ್ನು ನಂಬಬಾರದೆಂಬುದು ಹಿರಿಯರ ಲೆಕ್ಕಾಚಾರವಾಗಿದ್ದಿರಬೇಕು. ವಿಜಯದಶಮಿಗೂ ಉತ್ಥಾನ ದ್ವಾದಶಿಗೂ ನಡುವೆ ಇರುವುದು ಸುಮಾರು ಒಂದು ತಿಂಗಳು. ಪ್ರವಾಸೋದ್ಯಮದ ಅತಿದೊಡ್ಡ ಜನಸಂದಣಿ ಸೇರುವುದು ಸರಿಯಾಗಿ ಆ ಒಂದು ತಿಂಗಳಿನಲ್ಲೇ. ದಸರಾ ರಜೆ, ಗಾಂಧಿ ಜಯಂತಿ, ದೀಪಾವಳಿ, ಕನ್ನಡ ರಾಜ್ಯೋತ್ಸವ ಎಲ್ಲವೂ ಈ ಅವಧಿಯಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಬರುತ್ತವೆ.

ಶಾಂತವಾಗಿ ಕಾಣುವ ನೀರು

ಜುಲೈ ತಿಂಗಳ ಕಡಲನ್ನು ಕಂಡು ಯಾರೂ ಮೋಸಹೋಗುವುದಿಲ್ಲ. ಅದರ ಆರ್ಭಟವೇ ಎಚ್ಚರಿಕೆ. ಅಕ್ಟೋಬರ್ ಕಡಲಿನ ಸಮಸ್ಯೆಯೆಂದರೆ ಅದು ಸೌಮ್ಯವಾಗಿ ಕಾಣುವುದು. ನೈಋತ್ಯ ಮುಂಗಾರಿನ ಅಲೆಗಳು ನಾಲ್ಕು ತಿಂಗಳು ತೀರದ ಮರಳನ್ನು ಕೊರೆದು ಒಳಕ್ಕೆ ಎಳೆದುಕೊಂಡಿರುತ್ತವೆ. ಆ ಮರಳು ನೀರಿನಡಿಯಲ್ಲಿ ದಿಬ್ಬಗಳಾಗಿ ನಿಂತಿರುತ್ತದೆ, ದಿಬ್ಬಗಳ ನಡುವೆ ಕಾಲುವೆಯಂತಹ ತಗ್ಗುಗಳಿರುತ್ತವೆ. ಬೇಸಿಗೆಯ ಹೊತ್ತಿಗೆ ಮರಳು ನಿಧಾನವಾಗಿ ದಡಕ್ಕೆ ಮರಳಿ ತೀರ ಸಮತಟ್ಟಾಗುತ್ತದೆ. ಶರತ್ಕಾಲದಲ್ಲಿ ಆ ಕೆಲಸ ಅರ್ಧಕ್ಕೆ ನಿಂತಿರುತ್ತದೆ.

ದಡಕ್ಕೆ ನುಗ್ಗಿದ ನೀರು ಹಿಂದಿರುಗುವುದು ಈ ತಗ್ಗುಗಳ ಮೂಲಕವೇ. ರಿಪ್ ಕರೆಂಟ್ ಎಂದು ಕರೆಯಲಾಗುವ ಈ ಸೆಳೆತ, ಸೊಂಟದೆತ್ತರದ ನೀರಿನಲ್ಲಿ ನಿಂತವರನ್ನೂ ಕ್ಷಣಮಾತ್ರದಲ್ಲಿ ಆಳಕ್ಕೆ ಒಯ್ಯಬಲ್ಲದು. ವಿಪರ್ಯಾಸವೆಂದರೆ ಇಕ್ಕೆಲಗಳಲ್ಲಿ ಅಲೆ ಮುರಿಯುತ್ತಿದ್ದು ನಡುವೆ ನೀರು ಸಮತಟ್ಟಾಗಿ ಕಾಣುವ ಜಾಗವೇ ಹೆಚ್ಚಾಗಿ ಸೆಳೆತದ ಜಾಗ. ಈಜು ಬಾರದವರು, ಮಕ್ಕಳನ್ನು ಕರೆತಂದವರು ಹುಡುಕಿಕೊಂಡು ಹೋಗುವುದೂ ಅದನ್ನೇ. ಸಿಕ್ಕಿಕೊಂಡವರು ದಡದ ಕಡೆಗೇ ಈಜಲು ಹೆಣಗಿ ಸುಸ್ತಾಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಒಂದಿಷ್ಟು ದೂರ ಸರಿದರೆ ಸೆಳೆತದಿಂದ ಹೊರಬರಬಹುದೆಂಬ ಸರಳ ಸಂಗತಿಯನ್ನು ಒಳನಾಡಿನಿಂದ ಬರುವ ನಮ್ಮ ಶಾಲಾ ಮಕ್ಕಳಿಗೆ ಯಾವ ಪಾಠದಲ್ಲೂ ಹೇಳಿಕೊಟ್ಟಂತೆ ಕಾಣುವುದಿಲ್ಲ.

ಇದರ ಜೊತೆಗೆ ಹವಾಮಾನವೂ ಇದೆ. ಹಿಂಗಾರಿನ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ನಂತರ, ಅಂದರೆ ತೀರದಲ್ಲಿ ಜನ ಕಿಕ್ಕಿರಿದಿರುವಾಗಲೇ ಎರಗುತ್ತದೆ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಏಳುವ ಎರಡು ಅವಧಿಗಳಲ್ಲಿ ಒಂದು ಮುಂಗಾರಿಗೆ ಮೊದಲಿನದು, ಇನ್ನೊಂದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದು. 2019ರ ಅಕ್ಟೋಬರ್ ಕೊನೆಯಲ್ಲಿ, ದೀಪಾವಳಿಯ ಹೊತ್ತಿಗೇ, ‘ಕ್ಯಾರ್’ ಚಂಡಮಾರುತ ಸೂಪರ್ ಸೈಕ್ಲೋನ್ ಆಗಿ ಬೆಳೆದಿತ್ತು. 2007ರ ‘ಗೋನು’ ನಂತರ ಅರಬ್ಬೀ ಸಮುದ್ರದಲ್ಲಿ ಅಂಥ ತೀವ್ರತೆಯ ಚಂಡಮಾರುತ ಕಂಡದ್ದು ಆಗಲೇ. ಅದು ಕರ್ನಾಟಕದ ನೆಲ ಮುಟ್ಟಲಿಲ್ಲ, ಆದರೆ ಕಡಲು ಪ್ರಕ್ಷುಬ್ಧಗೊಂಡು ಮೀನುಗಾರಿಕೆ ಅಸ್ತವ್ಯಸ್ತವಾಯಿತು. ಅದರ ಬೆನ್ನಿಗೇ ‘ಮಹಾ’ ಎದ್ದಿತು. ಚಂಡಮಾರುತ ನೂರಾರು ಕಿಲೋಮೀಟರ್ ದೂರವಿದ್ದು ಮಲ್ಪೆಯಲ್ಲಿ ಬಿಸಿಲು ಹೊಳೆಯುತ್ತಿದ್ದರೂ ಎತ್ತರದ ಅಲೆಗಳು ಬರಬಹುದು. ಹೈದರಾಬಾದಿನ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರವಾದ ಇನ್‌ಕಾಯಿಸ್ ಇಂಥ ಅಲೆಗಳ ಮುನ್ಸೂಚನೆ ನೀಡುತ್ತದೆ. ಅದು ಮೀನುಗಾರರಿಗೆ ತಲುಪುವಷ್ಟು ಶೀಘ್ರವಾಗಿ ಪ್ರವಾಸಿಗರಿಗೂ ತಲುಪುತ್ತಿದೆಯೇ?

ದ್ವೀಪದ ಕಥೆ

ಮಲ್ಪೆಗೆ ಬಂದವರೆಲ್ಲ ನೋಡಬಯಸುವುದು ಸೇಂಟ್ ಮೇರಿಸ್ ದ್ವೀಪವನ್ನು. ಕೊಡಲಿಯಿಂದ ಕಡಿದು ಜೋಡಿಸಿದಂತೆ ನಿಂತಿರುವ ಅಲ್ಲಿನ ಶಿಲಾಸ್ತಂಭಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಲಾವಾ ತಣಿದು ಉಂಟಾದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ. ಜನ ಇಳಿಯುವ ದ್ವೀಪದ ಉದ್ದ ಅರ್ಧ ಕಿಲೋಮೀಟರ್, ಅಗಲ ನೂರು ಮೀಟರ್‌ನಷ್ಟು. ಇಷ್ಟು ಚಿಕ್ಕ ನೆಲ ಒಂದು ರಜಾ ದಿನ ಎಷ್ಟು ಕಾಲುಗಳನ್ನು ತಾಳಬಲ್ಲದೆಂಬ ಲೆಕ್ಕ ಟಿಕೆಟ್ ಕೌಂಟರ್‌ನಲ್ಲಿ ಇರಬೇಕಿತ್ತು.

ವಾಸ್ಕೋ ಡ ಗಾಮ ಭಾರತಕ್ಕೆ ಬರುವ ದಾರಿಯಲ್ಲಿ ಮೊದಲು ಇಲ್ಲಿ ಇಳಿದನೆಂದು ದೋಣಿಯಲ್ಲಿ ಹೇಳುವುದುಂಟು. ವಾಸ್ತವದಲ್ಲಿ ಆತ ಈ ದ್ವೀಪಗಳಿಗೆ ಬಂದದ್ದು ಹಿಂದಿರುಗುವಾಗ, 1498ರ ಸೆಪ್ಟೆಂಬರ್‌ನಲ್ಲಿ, ಕಲ್ಲಿಕೋಟೆಯನ್ನು ಬಿಟ್ಟ ಮೇಲೆ. ಸಾಂತಾ ಮರಿಯಾ ಹೆಸರಿನ ಶಿಲುಬೆಗಂಬ ನೆಟ್ಟು, ಉತ್ತರಕ್ಕೆ ಸಾಗಿ, ಕಾರವಾರದ ಬಳಿಯ ಅಂಜದೀವದಿಂದ ಅಕ್ಟೋಬರ್ ಆರಂಭದಲ್ಲಿ ಅರಬ್ಬೀ ಸಮುದ್ರಕ್ಕೆ ಇಳಿದ. ಈಶಾನ್ಯ ಮಾರುತ ಇನ್ನೂ ನೆಲೆಗೊಂಡಿರಲಿಲ್ಲ. ಬರುವಾಗ 23 ದಿನಗಳಲ್ಲಿ ದಾಟಿದ ಸಮುದ್ರವನ್ನು ಮರಳುವಾಗ ದಾಟಲು ಆತನಿಗೆ ಸುಮಾರು 3 ತಿಂಗಳು ಬೇಕಾಯಿತು, ಹಡಗಿನಲ್ಲಿ ಹಲವರು ರೋಗದಿಂದ ಸತ್ತರು. ನಮ್ಮ ಕರಾವಳಿಯ ನಾವಿಕರನ್ನು ಕೇಳಿದ್ದರೆ ಇನ್ನೊಂದು ತಿಂಗಳು ಕಾಯಿರಿ ಎನ್ನುತ್ತಿದ್ದರೇನೋ!

ಅವಸರದ ಬೆಲೆಯನ್ನು ತಿಳಿಯಲು ಐದು ಶತಮಾನ ಹಿಂದಕ್ಕೆ ಹೋಗಬೇಕಾಗಿಲ್ಲ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಇದೇ ದ್ವೀಪದ ಬಳಿ ಕಡಲು ಪಾಲಾದರು. ಅದೇ ವರ್ಷದ ಮೇ ತಿಂಗಳಲ್ಲಿ, ಮುಂಗಾರು ಹೊಸ್ತಿಲಲ್ಲಿರುವಾಗ, ಮಲ್ಪೆ ತೀರದಲ್ಲಿ ಸಂಭ್ರಮದಿಂದ ಉದ್ಘಾಟನೆಗೊಂಡ ತೇಲುವ ಸೇತುವೆ ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಸಿಲುಕಿ ಬಿಡಿಬಿಡಿಯಾಯಿತು. ಆಗ ಅದರ ಮೇಲೆ ಜನರಿದ್ದು ಅನಾಹುತವಾಗಲಿಲ್ಲ ಎಂಬುದಷ್ಟೇ ಸಮಾಧಾನ. ನೆರೆಯ ಜಿಲ್ಲೆಯ ಮುರುಡೇಶ್ವರದಲ್ಲಿ 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆ ಮುಳಬಾಗಿಲು ಕಡೆಯಿಂದ ಶೈಕ್ಷಣಿಕ ಪ್ರವಾಸ ಬಂದಿದ್ದ ನಾಲ್ವರು ಬಾಲಕಿಯರು ನೀರುಪಾಲಾದರು. ಆ ಬಳಿಕ ಅಲ್ಲಿ ತೀರಕ್ಕೆ ಪ್ರವೇಶ ನಿರ್ಬಂಧಿಸಲಾಯಿತು. ದುರಂತ, ನಿರ್ಬಂಧ, ಪರಿಹಾರ ಘೋಷಣೆ, ಮತ್ತೆ ತೆರವು: ಈ ಸರಣಿ ಕರಾವಳಿಗೆ ಚಿರಪರಿಚಿತ.

ದುಡಿಮೆಯವರ ಮಾತೂ ಇದೆ

ತೀರ ತೆರೆಯುವುದನ್ನು ತಡಮಾಡಿ ಎಂದು ಹೇಳುವುದು ಸುಲಭ. ದೋಣಿ ನಡೆಸುವವರಿಗೆ, ಎಳನೀರು ಮಾರುವವರಿಗೆ, ಹೋಮ್‌ಸ್ಟೇ ಇಟ್ಟವರಿಗೆ ವರ್ಷದಲ್ಲಿ ನಾಲ್ಕು ತಿಂಗಳಿಗೂ ಮಿಕ್ಕಿ ಮಳೆಯ ಬಿಡುವು. ಸಾಲ ಮಾಡಿ ದೋಣಿ ದುರಸ್ತಿ ಮಾಡಿಸಿದವನಿಗೆ ದಸರಾದ ಹತ್ತು ದಿನ ಕೈತಪ್ಪಿದರೆ ಆ ನಷ್ಟವನ್ನು ಜನವರಿಯಲ್ಲಿ ತುಂಬಿಸಿಕೊಳ್ಳಲಾಗದು. ಆದ್ದರಿಂದಲೇ ತೆರೆಯಬೇಕೇ ಬೇಡವೇ ಎಂಬ ನಿರ್ಧಾರವನ್ನು ವರ್ಷಕ್ಕೊಮ್ಮೆ ಹೊರಡುವ ಆದೇಶಕ್ಕೆ ಬಿಡದೆ, ದಿನದಿನದ ಅಲೆಯೆತ್ತರ ನೋಡಿ ಬೆಳಿಗ್ಗೆಯೇ ಪ್ರಕಟಿಸುವ ವ್ಯವಸ್ಥೆ ಬೇಕಾಗಿದೆ. ತೀರದಲ್ಲಿ ದಿನದ 24 ಗಂಟೆ ವೈಫೈ ದೊರೆಯುವಂತೆ ಮಾಡಿದ ಊರು ಇದು, ಅದೂ 2016ರಲ್ಲಿಯೇ. ಅಲೆಯ ಎತ್ತರವನ್ನು ಫಲಕದಲ್ಲಿ ಬರೆಯುವುದು ಅದಕ್ಕಿಂತ ಕಠಿಣವಾಗಲಾರದು.

ಎರಡನೆಯದು ಜೀವರಕ್ಷಕರ ಪ್ರಶ್ನೆ. ಗೋವಾ ಸರ್ಕಾರ 2008ರಿಂದ ತನ್ನ ತೀರಗಳ ಜೀವರಕ್ಷಣೆಯನ್ನು ತರಬೇತಾದ ಸಿಬ್ಬಂದಿಯುಳ್ಳ ಸಂಸ್ಥೆಗೆ ವಹಿಸಿದೆ. ಮಳೆಗಾಲದಲ್ಲಿಯೂ ಅವರು ಕೆಲಸದಲ್ಲಿರುತ್ತಾರೆ. ಇದೇ ಉಡುಪಿ ಜಿಲ್ಲೆಯ ಪಡುಬಿದ್ರಿ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದಾಗ ಪೂರೈಸಬೇಕಾಗಿದ್ದ 33 ಮಾನದಂಡಗಳಲ್ಲಿ ಸುರಕ್ಷತೆಯೂ ಸೇರಿತ್ತು. ಅಂದರೆ ನಿಯಮ ಗೊತ್ತಿಲ್ಲದ ಸಮಸ್ಯೆ ನಮ್ಮದಲ್ಲ. ಮಲ್ಪೆಯಲ್ಲಿ ಕಡಲನ್ನು ಅಂಗೈಯಂತೆ ಬಲ್ಲ ಮೊಗವೀರ ಯುವಕರಿದ್ದಾರೆ. ಅವರನ್ನು ಋತುವಿನ ಗುತ್ತಿಗೆಯ ದಿನಗೂಲಿಯಲ್ಲಿ ಇಡುವ ಬದಲು ವರ್ಷವಿಡೀ ಸಂಬಳ, ವಿಮೆ ಕೊಟ್ಟು ನೇಮಿಸುವ ಹಣ ಪಾರ್ಕಿಂಗ್ ಮತ್ತು ದೋಣಿ ಟಿಕೆಟ್‌ಗಳಿಂದ ಹುಟ್ಟದು ಎಂದು ನಂಬುವುದು ಕಷ್ಟ.

ನೀರಿನಾಚೆಯೂ ನೋಟಗಳು

ಶರತ್ಕಾಲದ ಕರಾವಳಿಯೆಂದರೆ ನೀರಿಗಿಳಿಯುವುದು ಮಾತ್ರ ಎಂಬ ಭಾವನೆಯನ್ನು ಬೆಳೆಸಿದವರು ನಾವೇ. ಮಾರ್ನೆಮಿಯ ದಿನಗಳಲ್ಲಿ ತಾಸೆಯ ಪೆಟ್ಟಿಗೆ ಹೆಜ್ಜೆ ಹಾಕುವ ಹುಲಿವೇಷಗಳು ಮನೆ ಮನೆಗೆ ಬರುತ್ತವೆ. ಮೊಗವೀರ ಸಮುದಾಯದ ಉಚ್ಚಿಲದ ಮಹಾಲಕ್ಷ್ಮೀ ದೇವಸ್ಥಾನದಲ್ಲಿ 2022ರಿಂದ ದಸರಾ ಉತ್ಸವ ನಡೆಯುತ್ತಿದೆ. ಕಾರ್ತಿಕದಲ್ಲಿ ಮಠದಲ್ಲಿ ಬೆಳಗಿನ ಜಾವಕ್ಕೂ ಮೊದಲೇ ಪಶ್ಚಿಮ ಜಾಗರ ಪೂಜೆ. ನವೆಂಬರ್‌ನಲ್ಲಿ ಮೇಳಗಳ ತಿರುಗಾಟ ಹೊರಡುತ್ತದೆ, ಕಂಬಳದ ಗದ್ದೆಗಳು ಹದಗೊಳ್ಳುತ್ತವೆ. ಬೆಳಗಿನ ಹೊತ್ತು ಬಂದರಿನಲ್ಲಿ ಬಂಗುಡೆ, ಬೂತಾಯಿ ಇಳಿಯುವ ನೋಟಕ್ಕೆ ಟಿಕೆಟ್ ಇಲ್ಲ. 2020ರ ನವೆಂಬರ್‌ನಲ್ಲಿ ಇಲ್ಲಿನ ತೀರಗಳಲ್ಲಿ ಸೂಕ್ಷ್ಮಜೀವಿಗಳಿಂದ ಅಲೆಗಳು ರಾತ್ರಿ ನೀಲಿಯಾಗಿ ಮಿನುಗಿದಾಗ ಜನ ದಡದಲ್ಲೇ ನಿಂತು ಗಂಟೆಗಟ್ಟಲೆ ನೋಡಿದ್ದರು.

ಪ್ರವಾಸೋದ್ಯಮ ಇಲಾಖೆಯ ಜಾಹೀರಾತುಗಳಲ್ಲಿ ಇವುಗಳಿಗೆ ದೊರೆಯುವ ಜಾಗ ಪ್ಯಾರಾಸೇಲಿಂಗ್ ಚಿತ್ರಕ್ಕಿಂತ ಚಿಕ್ಕದು. ಮುಂದಿನ ಋತುವಿನ ಟೆಂಡರ್ ಷರತ್ತುಗಳನ್ನು ಬರೆಯುವ ಕೆಲಸ ಮಳೆಗಾಲದಲ್ಲೇ ಆಗಬೇಕಾಗುತ್ತದೆ. ಜೀವರಕ್ಷಕರ ಸಂಖ್ಯೆ, ದ್ವೀಪಕ್ಕೆ ದಿನದ ಮಿತಿ, ಅಲೆ ಏರಿದ ದಿನ ದೋಣಿ ನಿಲ್ಲಿಸಿದರೆ ದೋಣಿಯವರ ಶುಲ್ಕದಲ್ಲಿ ರಿಯಾಯಿತಿ, ಈ ಮೂರನ್ನು ಷರತ್ತಿನಲ್ಲಿ ಸೇರಿಸಲು ಜಿಲ್ಲಾಡಳಿತಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ.