ಕಡಲತೀರದ ರಜೆ ಯಾರಿಗೆ?

ಡಿಸೆಂಬರ್ 20 ದಾಟಿತೆಂದರೆ ಮೈಸೂರು ನಮ್ಮದಾಗಿ ಉಳಿಯುವುದಿಲ್ಲ. ಅರಮನೆಯ ಆವರಣದಲ್ಲಿ ಫಲಪುಷ್ಪ ಪ್ರದರ್ಶನ, ಮೃಗಾಲಯದ ಬಾಗಿಲಲ್ಲಿ ಉದ್ದನೆಯ ಸಾಲು, ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳ ಕೆಳಗೆ ದೀಪದ ಜಾತ್ರೆ. ಪರಸ್ಥಳದ ಜನ ಮಕ್ಕಳ ಕೈ ಹಿಡಿದು ಓಡಾಡುತ್ತಾರೆ. ನಮ್ಮ ಟಾಂಗಾದವರು, ಆಟೋದವರು, ಹೋಟೆಲಿನ ಹುಡುಗರು, ದೇವರಾಜ ಮಾರುಕಟ್ಟೆಯ ಹೂವಿನವರು ಊಟಕ್ಕೂ ಬಿಡುವಿಲ್ಲದೆ ದುಡಿಯುತ್ತಾರೆ. ಇನ್ನೊಬ್ಬರ ರಜೆ ನಮ್ಮವರ ದುಡಿಮೆ. ಇದಕ್ಕೆ ನಮ್ಮ ತಕರಾರಿಲ್ಲ. ದಸರೆ ಬಿಟ್ಟರೆ ನಾಲ್ಕು ಕಾಸು ಕೈಗೆ ಹತ್ತುವ ವಾರ ಅದು.

ನಾವು ಹೇಳಹೊರಟದ್ದು ಅದೇ ವಾರದಲ್ಲಿ ಊರು ಬಿಟ್ಟು ಹೋಗುವವರ ವಿಚಾರ. ಸರ್ಕಾರಿ ಶಾಲೆಯ ಮಕ್ಕಳಿಗೆ ಕ್ರಿಸ್‌ಮಸ್ ಎಂದರೆ ಒಂದು ದಿನದ ರಜೆ. ಕಾನ್ವೆಂಟುಗಳಲ್ಲಿ ದಸರೆಯ ರಜೆಯನ್ನು ಮೊಟಕು ಮಾಡಿ ವಾರ, ಹತ್ತು ದಿನ ಇಲ್ಲಿಗೆ ಸೇರಿಸುತ್ತಾರೆ. ಆ ಹತ್ತು ದಿನಕ್ಕೆ ಕಾದಿದ್ದು, ಅನುಕೂಲಸ್ಥ ಕುಟುಂಬಗಳು ದೇವನಹಳ್ಳಿಯಲ್ಲಿ ವಿಮಾನ ಹತ್ತಿ ಥಾಯ್ಲೆಂಡಿನ ಫುಕೆಟ್, ಇಂಡೋನೇಷ್ಯದ ಬಾಲಿ, ಮಾಲ್ಡೀವ್ಸ್, ಸಿಂಹಳದ ಕಡಲತೀರಗಳಿಗೆ ಹೋಗುತ್ತವೆ. ದುಡ್ಡಿದ್ದವರು ಹೋಗಲಿ. ಅದನ್ನು ಕಂಡು ಹೊಟ್ಟೆ ಉರಿಸಿಕೊಳ್ಳುವುದು ಸಮಾಜವಾದವಲ್ಲ. ಆದರೆ ಎರಡು ಮೂರು ವರ್ಷಗಳಿಂದ ದುಡ್ಡಿಲ್ಲದವರೂ ಹೋಗತೊಡಗಿದ್ದಾರೆ. ಅಲ್ಲಿಂದ ನಮ್ಮ ಮಾತು ಶುರು.

ಸಂತೆಪೇಟೆಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಸಣ್ಣ ಅಂಗಡಿ ಇಟ್ಟುಕೊಂಡಿರುವ ಮಿತ್ರರೊಬ್ಬರಿದ್ದಾರೆ. ಹೆಸರು ಬೇಡ. ಏಳು ವರ್ಷದ ಮಗಳು, ಮೂರು ವರ್ಷದ ಮಗ. ಮಗಳು ಕಾನ್ವೆಂಟಿಗೆ ಹೋಗುತ್ತಾಳೆ. ಅವಳ ತರಗತಿಯಲ್ಲಿ ಜನವರಿ ಬಂತೆಂದರೆ ಯಾರು ಯಾವ ದೇಶದ ಸಮುದ್ರ ನೋಡಿ ಬಂದರು ಎಂಬುದೇ ಮಾತು. ಮಗು ಮನೆಗೆ ಬಂದು ಅತ್ತಿತು. ತಂದೆ ಫೋನಿನಲ್ಲೇ ಸಾಲ ತೆಗೆದರು. ಕಾಗದ ಬೇಡ, ಜಾಮೀನು ಬೇಡ, ಬೆರಳಿನಿಂದ ಒತ್ತಿದರೆ ಸಾಕು. 2,25,000 ರೂಪಾಯಿ ಸಾಲ, ತಿಂಗಳಿಗೆ 11,000ದಂತೆ 24 ಕಂತು.

ಪಾಸ್‌ಪೋರ್ಟಿಗೆ ಈಗ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೇಂದ್ರ ತೆರೆಯುವ ಏರ್ಪಾಡು 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಶುರುವಾದದ್ದು ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದಿನಲ್ಲಿ. ಕೂಸಿಗೂ ಅದರದೇ ಪಾಸ್‌ಪೋರ್ಟ್ ಬೇಕು. ಎರಡು ವರ್ಷ ತುಂಬಿದ ಮಗುವನ್ನು ವಿಮಾನದಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವಂತಿಲ್ಲ, ಬೇರೆ ಸೀಟು ಕೊಳ್ಳಬೇಕು. ಹೀಗೆ ನಾಲ್ಕು ಟಿಕೀಟು, ಅದೂ ದರ ಗಗನಕ್ಕೇರುವ ಕ್ರಿಸ್‌ಮಸ್ ವಾರದಲ್ಲಿ. ವಿಮಾನ ಇಳಿಯುವಾಗ ಚಿಕ್ಕವನಿಗೆ ಕಿವಿನೋವು, ಅರಚಾಟ. ಅಲ್ಲಿಯ ಊಟ ಒಗ್ಗಲಿಲ್ಲ, ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಅವಲಕ್ಕಿ ಮತ್ತು ಚಟ್ನಿಪುಡಿ ಮೂರನೆಯ ದಿನಕ್ಕೆ ಮುಗಿಯಿತು. ದೋಣಿಯ ಸವಾರಿಗೆ ಮಕ್ಕಳು ಹೆದರಿದರು. ಅವರಿಗೆ ಮೆಚ್ಚಿಗೆಯಾದದ್ದು ಒಂದೇ: ದಡದಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ಮರಳು ತೋಡುವುದು. ಆ ಮರಳು ಉಳ್ಳಾಲದಲ್ಲೂ ಇದೆ, ಮಲ್ಪೆಯಲ್ಲೂ ಇದೆ.

ಮಾರ್ಚಿಯಲ್ಲಿ ಅವರ ಅಂಗಡಿಗೆ ಹೋದಾಗ ಅರ್ಧ ಗೂಡು ಖಾಲಿ. ಸರಕು ತರಲು ಕೈಯಲ್ಲಿ ಹಣವಿಲ್ಲ, ಚೀಟಿ ಎರಡು ತಿಂಗಳಿಂದ ಕಟ್ಟಿಲ್ಲ. ವರ್ಷದ ಒಳ್ಳೆಯ ವಾರದಲ್ಲಿ ಅಂಗಡಿಗೆ ಬೀಗ ಹಾಕಿ ಹೋದ ನಷ್ಟ ಬೇರೆ. ಸೀಮೆಸುಣ್ಣ ಹಿಡಿದ ಕೈ ನಮ್ಮದು, ಸುಮ್ಮನಿರಲಿಲ್ಲ, ಅಲ್ಲೇ ಲೆಕ್ಕ ಹಾಕಿದೆವು. 24 ಕಂತು ಸೇರಿದರೆ 2,64,000 ರೂಪಾಯಿ. ಬಡ್ಡಿಯೊಂದೇ 39,000. ಆ ಬಡ್ಡಿಯ ಹಣದಲ್ಲೇ ಸಂಸಾರ ಸಮೇತ ಕರಾವಳಿಗೆ ಹೋಗಿ ನಾಲ್ಕು ದಿನ ಇದ್ದು ಬರಬಹುದಿತ್ತು ಎಂದು ನಾಲ್ಕು ಬುದ್ಧಿಮಾತು ಹೇಳಲು ಬಾಯಿ ತೆರೆದೆವು. ಒಳಗಡೆ ಸಾಮಾನು ಜೋಡಿಸುತ್ತಿದ್ದ ಅವರ ಹೆಂಡತಿ ತಿರುಗಿ ನಿಂತು ಹೇಳಿದರು: "ಮೇಷ್ಟ್ರೇ, ಲೆಕ್ಕ ನಮಗೂ ಗೊತ್ತು. ಐದು ದಿನ ನಾನು ಒಲೆ ಹಚ್ಚಲಿಲ್ಲ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಇದೇ ಮೊದಲು."

ನಾವು ಬಾಯಿ ಮುಚ್ಚಿಕೊಂಡು ಬಂದೆವು.

ಈ ಮಾತು ನಮ್ಮನ್ನು ಅಂದಿನಿಂದ ಬಿಟ್ಟಿಲ್ಲ. ಮಿತವ್ಯಯದ ಉಪದೇಶ ಮಾಡುವುದು ಸುಲಭ. ಬಡವನು ಆಸೆಪಟ್ಟನೆಂದು ಗದರಿಸಲು ಊರಿನಲ್ಲಿ ಸಾಕಷ್ಟು ಜನರಿದ್ದಾರೆ, ಆ ಸಾಲಿನಲ್ಲಿ ನಾವೂ ನಿಲ್ಲಬೇಕಾಗಿಲ್ಲ. ಆ ಹೆಂಗಸು ಕೊಂಡದ್ದು ಫುಕೆಟ್ಟನ್ನಲ್ಲ, ಐದು ದಿನದ ಬಿಡುವನ್ನು. ನ್ಯಾಯವಾಗಿ ಸಿಗಬೇಕಾದ ಬಿಡುವನ್ನು ಒಬ್ಬ ದುಡಿಯುವ ತಾಯಿ ಸಾಲಗಾರನಿಂದ ಬಡ್ಡಿ ತೆತ್ತು ಏಕೆ ಕೊಳ್ಳಬೇಕಾಯಿತು?

ನಾವು ಪಾಠ ಹೇಳುತ್ತಿದ್ದ ದಿನಗಳಲ್ಲಿ ಏಳನೆಯ ತರಗತಿಗೆ ಭೂಗೋಳ ನಮ್ಮದೇ. ಭರತ, ಇಳಿತ, ಕೊಲ್ಲಿ, ಭೂಶಿರ ಎಲ್ಲವನ್ನೂ ಕರಿಹಲಗೆಯ ಮೇಲೆ ಬರೆದದ್ದೇ ಬರೆದದ್ದು. ಒಮ್ಮೆ ಸಮುದ್ರ ನೋಡಿದವರು ಕೈ ಎತ್ತಿ ಎಂದೆವು. ತುಂಬಿದ ತರಗತಿಯಲ್ಲಿ ಎರಡು ಕೈ. ಒಬ್ಬ ಹುಡುಗ, ಮಗ್ಗದ ಕೆಲಸದವನ ಮಗ, "ಕುಕ್ಕರಹಳ್ಳಿ ಕೆರೆಗಿಂತ ದೊಡ್ಡದಾ ಸಾರ್?" ಎಂದ. ಉಳಿದವರು ನಕ್ಕರು. ನಕ್ಕವರೂ ನೋಡಿರಲಿಲ್ಲ. ಮೈಸೂರಿನಿಂದ ಮಂಗಳೂರು ಸುಮಾರು 250 ಕಿಲೋಮೀಟರ್. ಕೊಡಗಿನ ಮೇಲೆ ಇಳಿದರೆ ಕೇರಳದ ತಲಶೇರಿ ಇನ್ನೂ ಹತ್ತಿರ. ಇಷ್ಟು ಸಮೀಪದಲ್ಲಿ ಕಡಲಿದ್ದೂ ನಮ್ಮ ಕೇರಿಯ ಮಕ್ಕಳಿಗೆ ಅದು ಸೀಮೆಸುಣ್ಣದ ಗೆರೆ.

ಭೂಗೋಳದ ಮಾತು ಬಂತು, ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇವೆ. 2004ರ ಡಿಸೆಂಬರ್ 26, ಕ್ರಿಸ್‌ಮಸ್ಸಿನ ಮರುದಿನ, ಸುಮಾತ್ರದ ಬಳಿ ಕಡಲ ತಳ ಕಂಪಿಸಿ ಎದ್ದ ಸುನಾಮಿ ಅಲೆ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ನುಂಗಿತು. ನಮ್ಮ ನಾಗಪಟ್ಟಣದ ಬೆಸ್ತರ ಕೇರಿಗಳು ಗುಡಿಸಿಹೋದವು. ಅದೇ ಬೆಳಗ್ಗೆ ಫುಕೆಟ್ಟಿನ ಒಂದು ತೀರದಲ್ಲಿ ತಂದೆತಾಯಿಯೊಡನೆ ರಜೆಗೆ ಬಂದಿದ್ದ ಇಂಗ್ಲೆಂಡಿನ ಹತ್ತು ವರ್ಷದ ಹುಡುಗಿ, ನೀರು ನೊರೆಗಟ್ಟಿ ಉಬ್ಬುವ ರೀತಿ ಕಂಡು, ಎರಡು ವಾರದ ಹಿಂದೆ ಶಾಲೆಯಲ್ಲಿ ಕಲಿತ ಪಾಠ ನೆನಪಾಗಿ ಕೂಗಿಕೊಂಡಳು. ಸುಮಾರು ನೂರು ಜನ ದಡ ಬಿಟ್ಟು ಓಡಿ ಉಳಿದರು. ಮೇಷ್ಟ್ರ ಪಾಠಕ್ಕೆ ಇದಕ್ಕಿಂತ ದೊಡ್ಡ ಸಂಭಾವನೆ ಇಲ್ಲ. ಆದರೆ ಆ ಪಾಠವೂ ಈ ಕಡಲೂ ಒಂದೇ ಮಗುವಿನ ಪಾಲಿಗೆ ಬಂದದ್ದರಿಂದಲ್ಲವೇ ಅದು ಫಲಿಸಿದ್ದು? ಅವಳ ತಂದೆತಾಯಿಗೆ ರಜೆ ಇತ್ತು.

ಆ ರಜೆಯೇನೂ ಯಾರೋ ಧರ್ಮಕ್ಕೆ ಕೊಟ್ಟದ್ದಲ್ಲ. ಇಂಗ್ಲೆಂಡಿನಲ್ಲಿ ಸಂಬಳ ಸಹಿತ ರಜೆಯ ಶಾಸನವಾದದ್ದು 1938ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ, 1936ರ ಮೇ ಜೂನ್ ತಿಂಗಳಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳ ಒಳಗೇ ಕೂತು ಮುಷ್ಕರ ಹೂಡಿದರು. ಸಮಾಜವಾದಿ ಲಿಯೋನ್ ಬ್ಲೂಮರ ಸರ್ಕಾರ ಜೂನ್ ತಿಂಗಳಲ್ಲೇ ಎರಡು ವಾರದ ಸಂಬಳ ಸಹಿತ ರಜೆಯ ಕಾನೂನು ಮಾಡಿತು. ಮಂತ್ರಿಮಂಡಲದಲ್ಲಿದ್ದ ಲಿಯೋ ಲಗ್ರಾಂಜ್ ಕಾರ್ಮಿಕರಿಗೆ ಶೇಕಡಾ 40 ರಿಯಾಯಿತಿಯ ರೈಲು ಟಿಕೀಟು ಮಾಡಿಸಿದರು. ಆ ಬೇಸಗೆಯಲ್ಲಿ ಲಕ್ಷಾಂತರ ಜನ ಹೆಂಡತಿ ಮಕ್ಕಳೊಡನೆ ಮೊದಲ ಬಾರಿಗೆ ಸಮುದ್ರ ಕಂಡರು. ತಮ್ಮ ಕಡಲತೀರಕ್ಕೆ ಟೋಪಿಯ ಕೂಲಿಗಳು ಬಂದರೆಂದು ಅಲ್ಲಿಯ ಸಿರಿವಂತರು ಮೂಗು ಮುರಿದರಂತೆ.

ಮೂಗು ಮುರಿಯುವವರು ನಮ್ಮಲ್ಲೂ ಕಡಿಮೆಯಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಹೆಂಗಸರಿಗೆ ಟಿಕೀಟಿಲ್ಲವೆಂದಾಯಿತು. ಧರ್ಮಸ್ಥಳದ ಬಸ್ಸು, ಸುಬ್ರಹ್ಮಣ್ಯದ ಬಸ್ಸು ಕಿಟಕಿಯವರೆಗೂ ತುಂಬಿದವು. ಹೆಂಗಸರು ಮನೆ ಬಿಟ್ಟು ತಿರುಗುತ್ತಾರೆಂದು ಎಷ್ಟು ನಗೆಚಾಟಿಕೆ, ಎಷ್ಟು ಗೇಲಿ! ಫುಕೆಟ್ಟಿಗೆ ಹೋದವರನ್ನು ಯಾರೂ ಹೀಗೆ ಗೇಲಿ ಮಾಡಲಿಲ್ಲ. ಜನ್ಮದಲ್ಲಿ ತವರು ಮತ್ತು ಗಂಡನ ಮನೆ ಬಿಟ್ಟು ಮೂರನೆಯ ಊರು ಕಾಣದವರು ಬುತ್ತಿ ಕಟ್ಟಿಕೊಂಡು ಹೊರಟರೆ ದೇಶ ಮುಳುಗಿಹೋಗುತ್ತದೆಯೇ? ಅವರು ದೇವರ ಹೆಸರು ಹೇಳಿ ಬಸ್ಸು ಹತ್ತಿದರು. ಅವರಿಗೂ ಬೇಕಾಗಿದ್ದದ್ದು ಒಲೆಯ ಮುಂದಿನಿಂದ ಎರಡು ದಿನದ ಬಿಡುಗಡೆಯೆಂದೇ ನಮ್ಮ ಎಣಿಕೆ.

ನಮ್ಮ ದೇಶದಲ್ಲಿ ಕಾನೂನಿಲ್ಲವೇ? ಇದೆ. 1948ರ ಕಾರ್ಖಾನೆ ಕಾಯಿದೆಯಂತೆ ವರ್ಷಕ್ಕೆ 240 ದಿನ ದುಡಿದವನಿಗೆ, ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳದ ರಜೆ. 300 ದಿನ ದುಡಿದರೆ 15 ದಿನ. ನಾಲ್ಕು ದಿನ ಅಥವಾ ಅದಕ್ಕಿಂತ ಹೆಚ್ಚಿನ ರಜೆಯಾದರೆ ಹೊರಡುವ ಮೊದಲೇ ಆ ದಿನಗಳ ಸಂಬಳ ಕೈಗೆ ಕೊಡಬೇಕೆಂದೂ ಅದರಲ್ಲಿ ಬರೆದಿತ್ತು. ಪ್ರಯಾಣಕ್ಕೆ ದುಡ್ಡು ಬೇಕಾಗುತ್ತದೆಂದು ಕಾನೂನು ಮಾಡಿದವರಿಗೆ ತಿಳಿದಿತ್ತು. ಅದನ್ನು ಕೇಳಿ ಪಡೆದ ಒಬ್ಬನೇ ಒಬ್ಬ ಕಾರ್ಮಿಕನನ್ನೂ ನಾವು ಕಂಡಿಲ್ಲ. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ಆ ಸಂಹಿತೆಗಳ ಮೇಲೆ ನಮ್ಮ ಜಗಳ ಬೇರೆ ಇದೆ, ಇನ್ನೊಮ್ಮೆ ಬರೆಯುತ್ತೇವೆ. ಈ ಒಂದು ವಿಷಯದಲ್ಲಿ ಮಾತ್ರ ಅದು 240 ದಿನವನ್ನು 180ಕ್ಕೆ ಇಳಿಸಿದೆ. ನಮಗೆ ಅನುಕೂಲವಾದದ್ದನ್ನು ನಾವು ಬಿಡಬೇಕಾಗಿಲ್ಲ.

ಕಾಗದದ ಮೇಲಿನ ರಜೆ ಕೈಗೆ ಬಾರದಿರಲು ಕಾರಣವಿದೆ. ಹೆಬ್ಬಾಳ, ಹೂಟಗಳ್ಳಿ, ನಂಜನಗೂಡಿನ ಕಡೆ ಈಗ ಅರ್ಧಕ್ಕರ್ಧ ಜನ ಗುತ್ತಿಗೆಯವರ ಕೈಕೆಳಗೆ. ದಿನ ತುಂಬುವ ಮೊದಲೇ ಹೆಸರು ತೆಗೆದು, ನಾಲ್ಕು ದಿನ ಬಿಟ್ಟು, ಬೇರೆ ಗುತ್ತಿಗೆದಾರನ ಪಟ್ಟಿಗೆ ಸೇರಿಸುವ ಆಟ ಗೊತ್ತಿಲ್ಲದವರು ಯಾರು? ಯಂತ್ರ ಅದೇ, ಕೈ ಅದೇ, ಹಾಜರಿ ಪುಸ್ತಕ ಮಾತ್ರ ಹೊಸದು. ಖಾಯಂ ಆದವರ ಪಾಡು ಇನ್ನೊಂದು ಬಗೆ. ರಜೆಯನ್ನು ಮಾರಿ ಹಣ ಮಾಡಿಕೊಳ್ಳುತ್ತಾರೆ. ಮಗಳ ಫೀಜು, ಅಮ್ಮನ ಔಷಧಿ, ಮನೆಯ ಬಾಡಿಗೆ ಎಂಬ ಕಾರಣಗಳು ಸುಳ್ಳಲ್ಲ. ಆದರೆ ರಜೆ ಮಾರಿದ ದುಡ್ಡನ್ನು ಸಂಬಳವೆಂದು ನಂಬಿದ್ದರಿಂದಲೇ ಸಂಬಳ ಏರಿಸಿ ಎಂದು ಕೇಳುವ ದನಿ ಕುಗ್ಗಿದೆ. ಮಾಲೀಕನಿಗೆ ಇದು ಎರಡು ಕಡೆಯಿಂದಲೂ ಲಾಭ.

ಸಣ್ಣ ವ್ಯಾಪಾರಿಯ ಕಷ್ಟಕ್ಕೆ ಯಾವ ಕಾಯಿದೆಯೂ ಇಲ್ಲ. ಅವನೇ ಧಣಿ, ಅವನೇ ಜೀತದಾಳು. ಅಂಗಡಿ ಮುಚ್ಚಿದ ದಿನ ಗಿರಾಕಿ ಪಕ್ಕದ ಅಂಗಡಿ ನೋಡಿಕೊಳ್ಳುತ್ತಾನೆಂಬ ಭಯ. ಇದಕ್ಕೆ ಒಬ್ಬೊಬ್ಬರಾಗಿ ದಾರಿಯಿಲ್ಲ. ಬೀದಿಯವರೆಲ್ಲ ಸೇರಿ ವರ್ಷಕ್ಕೆ ಒಂದು ವಾರ, ವ್ಯಾಪಾರ ಮಂಕಾಗಿರುವ ಆಷಾಢದಲ್ಲೋ ಸಂಕ್ರಾಂತಿ ಕಳೆದ ಮೇಲೋ, ಒಟ್ಟಿಗೆ ಬಾಗಿಲು ಹಾಕುವ ಒಪ್ಪಂದ ಮಾಡಿಕೊಂಡರೆ ಗಿರಾಕಿ ಎಲ್ಲಿಗೆ ಹೋಗುತ್ತಾನೆ? ಆಷಾಢದಲ್ಲಿ ಕಡಲಿಗೆ ಇಳಿಯುವಂತಿಲ್ಲವೆಂದು ಕರಾವಳಿಯವರು ನಗಬಹುದು, ಸಂಕ್ರಾಂತಿಯೇ ಇರಲಿ.

ಪ್ರಯಾಣದ ಖರ್ಚಿನ ಮಾತು. ಕೇಂದ್ರ ಸರ್ಕಾರ ತನ್ನ ನೌಕರರಿಗೆ 1956ರಿಂದ ಕುಟುಂಬ ಸಮೇತ ರಜಾ ಪ್ರಯಾಣದ ರಿಯಾಯಿತಿ ಕೊಡುತ್ತ ಬಂದಿದೆ. ಒಳ್ಳೆಯ ಕೆಲಸ. ಗುಮಾಸ್ತನ ಮಕ್ಕಳಿಗೆ ದೇಶ ನೋಡುವ ಹಕ್ಕಿದೆಯೆಂದು ಒಪ್ಪಿದ ಸರ್ಕಾರ, ಮಗ್ಗದವನ ಮಕ್ಕಳಿಗೆ ಇಲ್ಲವೆಂದು ಯಾವ ಬಾಯಿಂದ ಹೇಳುತ್ತದೆ? ಮುಂಬೈ ರಾಜ್ಯ 1953ರಲ್ಲಿ ಮಾಡಿದ ಕಾರ್ಮಿಕ ಕಲ್ಯಾಣ ನಿಧಿ ಕಾಯಿದೆಯಲ್ಲಿ ಕಾರ್ಮಿಕರ ಪ್ರವಾಸಕ್ಕೂ ವಿಶ್ರಾಂತಿಧಾಮಗಳಿಗೂ ನಿಧಿಯ ಹಣ ಬಳಸಬಹುದೆಂದು ಬರೆದರು. ನಮ್ಮ ರಾಜ್ಯದಲ್ಲೂ 1965ರ ಕಾಯಿದೆಯ ಪ್ರಕಾರ ಅಂಥದೊಂದು ನಿಧಿ ಇದೆ. ಅದಕ್ಕೆ ಕಾರ್ಮಿಕನ ಸಂಬಳದಿಂದಲೂ ವರ್ಷಕ್ಕೊಮ್ಮೆ ವಂತಿಗೆ ಹಿಡಿಯುತ್ತಾರೆ. ಉಳ್ಳಾಲದಲ್ಲೋ ಕಾಪುವಿನಲ್ಲೋ ಕಾರವಾರದಲ್ಲೋ ನಲವತ್ತು ಕೋಣೆಯ, ಅಡುಗೆಯವರಿರುವ, ದಿನಕ್ಕೆ ನೂರಿನ್ನೂರು ರೂಪಾಯಿಯ ಒಂದು ಧಾಮವನ್ನು ಕೇಳುವುದು ಅತಿಯಾಸೆಯೇ? ಅಡುಗೆಯವರಿರಬೇಕೆಂಬುದನ್ನು ಒತ್ತಿ ಹೇಳುತ್ತೇವೆ. ಇಲ್ಲದಿದ್ದರೆ ಹೆಂಗಸರು ಸ್ಟೋವು ಹೊತ್ತುಕೊಂಡು ಹೋಗಿ ಸಮುದ್ರದ ದಂಡೆಯಲ್ಲೂ ಸಾರು ಕುದಿಸಬೇಕಾಗುತ್ತದೆ.

ಧಾಮ ಕಟ್ಟುವವರೆಗೆ ಕಾಯಬೇಕಾಗಿಲ್ಲ. ಮೈಸೂರಿನ ಮೇಲೆ ಹಾಸನ, ಮಂಗಳೂರು ದಾಟಿ ಮುರ್ಡೇಶ್ವರದವರೆಗೆ ಹೋಗುವ ರಾತ್ರಿ ರೈಲಿದೆ. ಹೆಂಗಸರಿಗೆ ಸಾಮಾನ್ಯ ಬಸ್ಸು ಇದ್ದೇ ಇದೆ. ಸಣ್ಣ ಮಕ್ಕಳಿದ್ದವರು ಮಧ್ಯಾಹ್ನದ ಬಿಸಿಲಲ್ಲಿ ದಡಕ್ಕೆ ಇಳಿಯಬೇಡಿ. ಊರಿನ ಬೆಸ್ತರು ಬೇಡವೆಂದ ಕಡೆ ನೀರಿಗೆ ಕಾಲಿಡಬೇಡಿ, ಅಲೆಯ ಸೆಳೆತ ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಸಂತೆಪೇಟೆಯ ಮಿತ್ರರಿಗೆ ಇನ್ನೂ ಕಂತು ಬಾಕಿ ಇದೆ. ಮುಂದಿನ ಬಾರಿ ಬೀದಿಯವರೆಲ್ಲ ಸೇರಿ ಒಂದು ಬಸ್ಸು ಮಾಡಿದರೆ ತಾವೂ ಬರುವುದಾಗಿ ಹೇಳಿದ್ದಾರೆ. ಅವರ ಹೆಂಡತಿ ಮಾತ್ರ, ಊಟ ಹೋಟೆಲಿನದೋ ಬುತ್ತಿಯದೋ ಅದನ್ನು ಮೊದಲು ಹೇಳಿ ಎಂದರು.

ಗಿರಣಿಯ ಕೆಲಸಗಾರರು ಕಳೆದ ಹನ್ನೆರಡು ತಿಂಗಳ ಸಂಬಳದ ಚೀಟಿಗಳನ್ನು ಒಟ್ಟು ಮಾಡಿ ಭಾನುವಾರ ಬೆಳಗ್ಗೆ ಕಚೇರಿಗೆ ತರಲಿ. ಗುತ್ತಿಗೆಯ ಕೈ ಬದಲಾದವರು ಹಳೆಯ ಹಾಜರಿ ಕಾರ್ಡಿದ್ದರೆ ಅದನ್ನೂ ತರಬೇಕು. ಯಾರಿಗೆ ಎಷ್ಟು ದಿನ ರಜೆ ಬಾಕಿಯೆಂದು ಅಲ್ಲೇ ಕೂತು ಲೆಕ್ಕ ಮಾಡಿಕೊಡುತ್ತೇವೆ, ಅರ್ಜಿಯನ್ನೂ ಬರೆದುಕೊಡುತ್ತೇವೆ.