ತ್ರೀಡಿ ಮನೆಯಲ್ಲಿ ಅವ್ವನಿಗೆ ಜಾಗ ಇಲ್ಲ

ಇಂಟೀರಿಯರ್ ಡಿಸೈನರ್‌ಗಳ ಮೇಲೆ ನನ್ನದೊಂದು ತಕರಾರಿದೆ. ದುಡ್ಡು ಜಾಸ್ತಿ ಕೇಳ್ತಾರೆ, ಹೇಳಿದ ಟೈಮಿಗೆ ಮುಗಿಸಲ್ಲ ಅನ್ನೋ ಮಾಮೂಲಿ ತಕರಾರಲ್ಲ. ಅವರು ಗಿರಾಕಿ ಅಂತ ತಪ್ಪು ಮನುಷ್ಯನನ್ನ ಹಿಡ್ಕೊಂಡಿದಾರೆ. ರೊಕ್ಕ ಯಾರು ಕಳಸ್ತಾರೆ ಅಂತ ಕೇಳ್ತಾರೆ, ಮನೆಯೊಳಗೆ ಯಾರಿರ್ತಾರೆ ಅಂತ ಕೇಳೋದೇ ಇಲ್ಲ. ಹಂಗಾಗಿ ನಮ್ಮ ಕಡೆ ಹಳ್ಳಿಗಳಲ್ಲಿ ಈಗ, ವರ್ಷಕ್ಕೆ ನಾಲ್ಕು ದಿನ ಬರೋ ಮಗನಿಗೋಸ್ಕರ ಮುನ್ನೂರರವತ್ತೈದು ದಿನ ಇರೋ ತಂದೆ-ತಾಯಿಯ ಮನೆ ಒಡೀತಿದಾರೆ.

ನಮ್ಮೂರು ಕಾಖಂಡಕಿ, ವಿಜಯಪುರ ಜಿಲ್ಲೆ, ಬಬಲೇಶ್ವರ ತಾಲೂಕು. ದಾಸಸಾಹಿತ್ಯ ಓದಿದವರಿಗೆ ಮಹಿಪತಿದಾಸರ ಊರು ಅಂದ್ರೆ ಸಾಕು, ಉಳಿದವರಿಗೆ ಕಾರಹುಣ್ಣಿಮೆ ಕರಿಯ ಊರು. ಈ ಭಾಗದ ಹುಡುಗರು ಬೆಂಗಳೂರು, ಪುಣೆ ಸೇರಿದ್ದಾರೆ. ತಿಕೋಟಾ ಕಡೆ ದ್ರಾಕ್ಷಿಯ ರೊಕ್ಕ ಬಂದಿದೆ, ಕೃಷ್ಣೆಯ ನೀರು ಕೆರೆಗಳಿಗೆ ಬಂದಿದೆ. ಕೈಯಲ್ಲಿ ನಾಲ್ಕು ಕಾಸು ಆಡಿದ ಕೂಡಲೇ ಮೊದಲು ನೆನಪಾಗೋದು ಮನೆ. ಒಳ್ಳೇದೇ. ಆದ್ರೆ ಮೊದಲು 'ಮನಿ ರಿಪೇರಿ' ಅಂತಿದ್ದದ್ದು ಈಗ 'ಇಂಟೀರಿಯರ್ ಮಾಡ್ಸೋದು' ಆಗಿದೆ. ಹೆಸರು ಬದಲಾದ ಹಾಗೆ ಕೆಲಸವೂ ಬದಲಾಗಿದೆ.

ನಮ್ಮದು ಹಳೇ ಮಾಳಿಗೆ ಮನೆ. (ಬೆಂಗಳೂರು ಕಡೆಯವರಿಗೆ ಒಂದು ಮಾತು: ನಮ್ಮಲ್ಲಿ ಮಾಳಿಗೆ ಅಂದ್ರೆ ಮೇಲಿನ ಅಂತಸ್ತು ಅಲ್ಲ, ಮಣ್ಣಿನ ಚಪ್ಪಟೆ ಛಾವಣಿ. ಕಂಬದ ಮೇಲೆ ತೊಲೆ, ತೊಲೆ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಹಾಸಿ, ಮೇಲೆ ದಪ್ಪಗೆ ಮಣ್ಣು.) ಗೋಡೆ ಕಲ್ಲು-ಮಣ್ಣಿನದು, ಎರಡಡಿ ದಪ್ಪ. ಇಂಥ ಮನೆಗೆ ಕಷ್ಟಗಳಿಲ್ಲ ಅನ್ನಲ್ಲ. ಒಳಗೆ ಹಗಲಲ್ಲೂ ಕತ್ತಲೆ. ವೈರಿಂಗ್ ನೋಡಿದ್ರೆ ಭಯ ಆಗುತ್ತೆ. ಶೌಚಾಲಯ ಹಿತ್ತಲಲ್ಲಿ. ಮಂಡಿ ನೋವಿರೋ ಅಪ್ಪ ರಾತ್ರಿ ಎದ್ದರೆ ಬ್ಯಾಟರಿ ಹಿಡ್ಕೊಂಡು ಎರಡು ಎತ್ತರದ ಮೆಟ್ಟಿಲು ಇಳಿದು ಹೋಗ್ಬೇಕು, ಅದೂ ಮಳೆಗಾಲದಲ್ಲಿ. ಹಳೇದೆಲ್ಲಾ ಚಿನ್ನ ಅಂತ ಕಣ್ಣೀರು ಹಾಕೋ ಪೈಕಿ ನಾನಲ್ಲ. ರಿಪೇರಿ ಬೇಕೇ ಬೇಕಿತ್ತು, ಅದಕ್ಕೇ ಡಿಸೈನರ್ ಕರೆಸಿದ್ದು.

ಬಂದರು (ಹೆಸರು ಬೇಡ). ಮುಕ್ಕಾಲು ಗಂಟೆ ಇದ್ದರು. ಲೇಸರ್ ಟೇಪಿನಲ್ಲಿ ಅಳತೆ ತಗೊಂಡರು, ಫೋಟೋ ಹೊಡೆದರು. ಅವ್ವನ ಜೊತೆ ಆಡಿದ ಮಾತು ಒಂದೇ - "ಚಹಾ ಛಲೋ ಆಗೇತ್ರಿ". ಹದಿನೈದು ದಿನಕ್ಕೆ ನನ್ನ ವಾಟ್ಸಾಪಿಗೆ ಪಿಡಿಎಫ್ ಬಂತು. ಪಡಸಾಲೆಗೂ ಅಡುಗೆಮನೆಗೂ ನಡುವಿದ್ದ ಗೋಡೆ ಮಾಯ - ಓಪನ್ ಕಿಚನ್ ಅಂತೆ! ಮೇಲೆ ಜಿಪ್ಸಂ ಫಾಲ್ಸ್ ಸೀಲಿಂಗ್, ಅದರೊಳಗೆ ನೀಲಿ ಲೈಟು. ನೆಲಕ್ಕೆ ಬಿಳೀ ವಿಟ್ರಿಫೈಡ್ ಟೈಲ್ಸ್. ಎತ್ತರದ ಸ್ಟೂಲು, ಕೌಂಟರ್, ಅದರ ಪಕ್ಕ ಕಾಫಿ ಮಗ್ ಹಿಡಿದು ನಿಂತ ಬೆಳ್ಳಗಿನ ಒಬ್ಬ ಹೆಂಗಸು. ನಮ್ಮ ಮನೆಯಲ್ಲಿ ಆ ಹೆಂಗಸು ಯಾರೂ ಇಲ್ಲ :) ಶೌಚಾಲಯ ಎಲ್ಲಿ ಅಂತ ಕೇಳಿದ್ದಕ್ಕೆ ಬಂದ ಉತ್ತರ: "ಅದು ಫೇಸ್ ಟೂದಾಗ ತಗೊಳ್ಳೋಣ ಸರ್."

ಪಿಡಿಎಫ್ ನೋಡಿ ಅವ್ವ ಹೇಳಿದ್ದಿಷ್ಟು: "ಚಂದ ಐತಿ. ಆದ್ರ ಇದರಾಗ ನಾ ಎಲ್ಲಿ ಕುಂತು ರೊಟ್ಟಿ ಬಡೀಲಿ?"

ಕೆಲಸ ಅಲ್ಲಿಗೇ ನಿಲ್ಲಿಸಿದೆ. ಕೊಟ್ಟ ಅಡ್ವಾನ್ಸ್ ವಾಪಸ್ ಬರಲಿಲ್ಲ, ಅದು ಬೇರೆ ಕತೆ.

ಅವ್ವನ ಪ್ರಶ್ನೆ ಸಣ್ಣದು ಅನ್ನಿಸಬಹುದು, ಆದ್ರೆ ಅದು ಇಡೀ ಅಡುಗೆಮನೆಯ ಪ್ರಶ್ನೆ. ನಮ್ಮದು ಬಿಳಿಜೋಳದ ನಾಡು. ಒಂದು ಹೊತ್ತಿಗೆ ಹತ್ತಿಪ್ಪತ್ತು ರೊಟ್ಟಿ ಬಡಿಯೋ ಮನೆಗಳಿವೆ, ಹಬ್ಬ ಬಂದ್ರೆ ಬುಟ್ಟಿಗಟ್ಟಲೆ ಕಟಕ ರೊಟ್ಟಿ. ಹಿಟ್ಟು ನಾದಿ ರೊಟ್ಟಿ ಬಡಿಯೋಕೆ ಭುಜದ ಬಲ ಬೇಕು, ನಮ್ಮವ್ವನಂಥವರು ಅದನ್ನ ಮಾಡೋದು ಕೂತು. ಮೂವತ್ನಾಲ್ಕು ಇಂಚಿನ ಗ್ರಾನೈಟ್ ಕಟ್ಟೆ ಮುಂದೆ ನಿಂತು ಮಾಡು ಅಂದ್ರೆ ಅರವತ್ತು ದಾಟಿದ ಹೆಂಗಸಿನ ಸೊಂಟ ಏನಾಗ್ಬೇಕು? ಇದಕ್ಕೆ ಪರಿಹಾರ ಕಷ್ಟವೇನಲ್ಲ. ಗಿಡ್ಡ ಕಟ್ಟೆ, ಅದರ ಮಟ್ಟಕ್ಕೆ ಒಲೆ, ಬೆನ್ನಿಗೆ ಆಸರೆ, ಹೊಗೆ-ಹಿಟ್ಟಿನ ಧೂಳು ಹೋಗೋಕೆ ಮೇಲೆ ದೊಡ್ಡ ಕಿಂಡಿ, ಜೋಳದ ಚೀಲ ಇಡೋಕೆ ನೆಲದಿಂದ ಸ್ವಲ್ಪ ಎತ್ತರದ ಜಾಗ. ಡಿಸೈನ್ ಅಂದ್ರೆ ಇದೇ ಅಲ್ವೇನ್ರಿ? ಆದ್ರೆ ಇದು ಕ್ಯಾಟಲಾಗಿನಲ್ಲಿ ಬರಲ್ಲ. ಐದು ನಿಮಿಷ ಅವ್ವನ ಪಕ್ಕ ಕೂತವರಿಗೆ ಮಾತ್ರ ಕಾಣುತ್ತೆ.

ಇನ್ನು ಫಾಲ್ಸ್ ಸೀಲಿಂಗ್. ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟೋದು ವಿಶೇಷವೇನಲ್ಲ. ದಪ್ಪ ಮಣ್ಣಿನ ಮಾಳಿಗೆ ಆ ಬಿಸಿಲನ್ನ ನಿಧಾನಕ್ಕೆ ಒಳಗೆ ಬಿಡುತ್ತೆ, ಮಧ್ಯಾಹ್ನ ಪಡಸಾಲೆಯಲ್ಲಿ ಮಲಗಬಹುದು. ಆದ್ರೆ ಅದಕ್ಕೊಂದು ಶರತ್ತಿದೆ: ಕಣ್ಣಿಗೆ ಕಾಣ್ತಿರಬೇಕು. ಮಳೆಗಾಲಕ್ಕೆ ಮುಂಚೆ ಮೇಲೆ ಮಣ್ಣು ಹಾಕಿ ಸರಿ ಮಾಡ್ಬೇಕು. ಕೆಳಗಿಂದ ಯಾವ ಜಂತಿ ಒದ್ದೆಯಾಗಿದೆ, ಯಾವ ತೊಲೆಗೆ ಗೆದ್ದಲು ಹತ್ತಿದೆ ಅಂತ ನೋಡ್ತಿರಬೇಕು. ಅದರ ಕೆಳಗೆ ಜಿಪ್ಸಂ ಹಲಗೆ ಹೊಡೆದು ಮುಚ್ಚಿದ್ರೆ ಸೋರೋದು ಕಾಣಲ್ಲ. ಕಾಣೋ ಹೊತ್ತಿಗೆ ತೊಲೆ ಕೊಳೆತಿರುತ್ತೆ. ಜೊತೆಗೆ ಆ ಸಂದಿಯಲ್ಲಿ ಇಲಿ-ಚೇಳುಗಳಿಗೆ ಬಾಡಿಗೆ ಇಲ್ಲದ ಮನೆ ಬೇರೆ!

ಗೋಡೆಯ ವಿಷಯ ಇನ್ನೂ ಗಂಭೀರ. ಅಪಾರ್ಟ್‌ಮೆಂಟಿನಲ್ಲಿ ಕಾಂಕ್ರೀಟ್ ಕಂಬ-ತೊಲೆ ಭಾರ ಹೊರುತ್ತವೆ, ನಡುವಿನ ಇಟ್ಟಿಗೆ ಗೋಡೆ ಬರೀ ಪರದೆ. ಮಾಳಿಗೆ ಮನೆಯಲ್ಲಿ ಹಾಗಲ್ಲ. ತೊಲೆಯ ತುದಿ ಗೋಡೆ ಮೇಲೇ ಕೂತಿರುತ್ತೆ. ಆ ಗೋಡೆ ತೆಗೆದು 'ಓಪನ್' ಮಾಡೋದು ಅಂದ್ರೆ ಟನ್‌ಗಟ್ಟಲೆ ಮಣ್ಣನ್ನ ತಲೆ ಮೇಲೆ ತೂಗಿಬಿಟ್ಟ ಹಾಗೆ. ಮಣ್ಣಿನ ಗೋಡೆಗೆ ಗಟ್ಟಿ ಸಿಮೆಂಟ್ ಗಿಲಾವು ಹೊಡೆಯೋದೂ ಅಷ್ಟೇ. ಒಳಗಿನ ತೇವ ಹೊರಗೆ ಹೋಗೋಕೆ ದಾರಿ ಇಲ್ಲದೆ ಒಳಗೊಳಗೇ ಗೋಡೆ ಸಡಿಲಾಗುತ್ತೆ. ಊರಿನ ಹಳೇ ಗೌಂಡಿಯನ್ನ ಕೇಳಿದ್ರೂ ಇದನ್ನ ಹೇಳ್ತಿದ್ದ. ಯಾರೂ ಕೇಳಲಿಲ್ಲ.

ನೆಲಕ್ಕೆ ನಮ್ಮಲ್ಲಿ ಶಹಾಬಾದ್ ಕಲ್ಲು. ಒದ್ದೆಯಾದ್ರೂ ಕಾಲಿಗೆ ಹಿಡಿತ ಕೊಡುತ್ತೆ. ಅದರ ಮೇಲೆ ಕನ್ನಡಿಯಂಥ ಟೈಲ್ಸ್ ಹಾಕಿ, ಮಂಡಿನೋವಿನ ಮುದುಕರನ್ನ ನಡೆಸೋದು ಯಾವ ಬುದ್ಧಿವಂತಿಕೆ?

ವಿಚಿತ್ರ ಅಂದ್ರೆ, ನಮ್ಮ ಜನಕ್ಕೆ ಕಟ್ಟೋಕೆ ಬರಲ್ಲ ಅಂತಲ್ಲ. ತಿಕೋಟಾ ಕಡೆ ಹೋಗಿ ಮಣೂಕ ಒಣಗಿಸೋ ಶೆಡ್ ನೋಡಿ. ಬಿಸಿಲು ನೇರ ಬೀಳಬಾರದು, ಆದ್ರೆ ಗಾಳಿ ಸುತ್ತಲಿಂದ ಆಡ್ಬೇಕು. ಹಾಗಂತ ಒಂದರ ಮೇಲೊಂದು ಬಲೆಯ ಅಂತಸ್ತು, ಮೇಲೆ ಹೊದಿಕೆ, ಪಕ್ಕದಲ್ಲಿ ಗಾಳಿಗೆ ದಾರಿ. ಆ ಶೆಡ್ಡಿನಲ್ಲಿ ಹಣ್ಣಿನ ಅಗತ್ಯ ಏನು ಅಂತ ಮೊದಲು ಕೇಳಿ ಆಮೇಲೆ ಕಟ್ಟಿದ್ದಾರೆ. ದ್ರಾಕ್ಷಿಗೆ ಸಿಕ್ಕ ಮರ್ಯಾದೆ ಹೆತ್ತವರಿಗೆ ಸಿಗಬಾರದಾ?

ಯಾಕೆ ಹೀಗಾಗುತ್ತೆ? ನಾನು ಸಾಫ್ಟ್‌ವೇರ್ ಬರೆಯೋನು. ನಮ್ಮಲ್ಲಿ ಬಳಸೋನನ್ನ ಕೇಳದೆ ಪ್ರಾಡಕ್ಟ್ ಮಾಡಿದ್ರೆ ಮೊದಲ ವಾರವೇ ಬೈಗುಳ ಬರುತ್ತೆ. ಇಲ್ಲಿ ಬೈಗುಳ ಬರಲ್ಲ. ಯಾಕಂದ್ರೆ ಬಳಸೋ ಅವ್ವ-ಅಪ್ಪ "ಮಗ ಇಷ್ಟು ರೊಕ್ಕ ಹಾಕ್ಯಾನ, ಹೆಂಗ ಅನ್ನೂದು" ಅಂತ ಸುಮ್ಮನಿರ್ತಾರೆ. ಎರಡನೇ ಕಾರಣ ಲೆಕ್ಕದ್ದು. ಒಟ್ಟು ಖರ್ಚಿನ ಮೇಲೆ ಪರ್ಸೆಂಟೇಜ್ ಫೀ ಅಂದ್ರೆ, ಖರ್ಚು ಏರಿದಷ್ಟೂ ಡಿಸೈನರ್‌ಗೆ ಲಾಭ. ಮೇಲಿಂದ ಪ್ಲೈವುಡ್, ಲ್ಯಾಮಿನೇಟ್ ಅಂಗಡಿ ಕಮಿಷನ್ ಅನ್ನೋದು ಈ ಧಂದೆಯಲ್ಲಿ ಗುಟ್ಟೇನಲ್ಲ. ಗಿಡ್ಡ ಕಟ್ಟೆಗೆ ಯಾರು ಕಮಿಷನ್ ಕೊಡ್ತಾರೆ?

ಕಾನೂನಿನ ಕಡೆಯಿಂದಲೂ ದೊಡ್ಡ ತಡೆ ಇಲ್ಲ. 1972ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ನೋಂದಣಿ ಇಲ್ಲದವರು 'ಆರ್ಕಿಟೆಕ್ಟ್' ಅಂತ ಹಾಕ್ಕೊಳ್ಳೋ ಹಾಗಿಲ್ಲ. ಆ ಕಾಯ್ದೆ ಕಾಪಾಡೋದು ಹೆಸರನ್ನ, ಕೆಲಸವನ್ನಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. 'ಇಂಟೀರಿಯರ್ ಡಿಸೈನರ್' ಅನ್ನೋ ಹೆಸರಿಗೆ ಅಷ್ಟು ಕಾವಲೂ ಇಲ್ಲ. ಚೆನ್ನಾಗಿ ಕಲಿತವರೂ ಬೋರ್ಡ್ ಹಾಕ್ತಾರೆ, ಒಂದು ಸಾಫ್ಟ್‌ವೇರ್ ಕಲಿತವರೂ ಬೋರ್ಡ್ ಹಾಕ್ತಾರೆ. ಹಾಗಾಗಿ ಜವಾಬ್ದಾರಿ ನಮ್ಮ ಮೇಲೇ.

"ಹಳ್ಳಿಯೋರನ್ನ ಏನಂತ ಕೇಳೋದು, ಅವರಿಗೇನು ಗೊತ್ತು" ಅನ್ನೋರಿಗೆ ಒಂದು ಉದಾಹರಣೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ 1974ರಲ್ಲಿ 'ಅಸ್ತ್ರ' ಅನ್ನೋ ವಿಭಾಗ ಶುರುವಾಯ್ತು. ದೇಶದ ದೊಡ್ಡ ವಿಜ್ಞಾನ ಸಂಸ್ಥೆಯ ಪ್ರೊಫೆಸರುಗಳು ತುಮಕೂರು ಜಿಲ್ಲೆಯ ಉಂಗ್ರ ಅನ್ನೋ ಹಳ್ಳಿಯಲ್ಲಿ ಕೇಂದ್ರ ಮಾಡಿಕೊಂಡು, ಜನ ಸೌದೆ ಹೇಗೆ ತರ್ತಾರೆ, ಎಷ್ಟು ಉರಿಸ್ತಾರೆ ಅಂತ ಲೆಕ್ಕ ಹಾಕಿದ್ರು. 'ಅಸ್ತ್ರ ಒಲೆ' ಹುಟ್ಟಿದ್ದು ಆ ಕೆಲಸದಿಂದ. ವಿಜ್ಞಾನಿಗಳೇ ಒಲೆ ಮುಂದೆ ಕೂತಾಗ, ಲ್ಯಾಪ್‌ಟಾಪ್ ಹಿಡಿದು ಬರೋರಿಗೆ ಅದೇನು ಕಮ್ಮಿ ಕೆಲಸ?

ಇಷ್ಟು ಬೈದ ಮೇಲೆ ಏನು ಮಾಡ್ಬೇಕು ಅಂತಲೂ ಹೇಳ್ಬೇಕಲ್ಲ. ನಮ್ಮ ಕಡೆ ಹಳೇ ಮನೆಗೆ ಡಿಸೈನರ್ ಹುಡುಕ್ತಿರೋರು ಇಷ್ಟು ಶರತ್ತು ಹಾಕಿ:

1. ಡಿಸೈನರ್ ಒಂದು ಇಡೀ ದಿನ ಮನೆಯಲ್ಲಿರಬೇಕು, ಬೆಳಗಿನ ಒಲೆ ಹೊತ್ತಿಸೋದರಿಂದ ರಾತ್ರಿ ಹಾಸಿಗೆ ಹಾಸೋವರೆಗೆ. ಅವ್ವನ ಜೊತೆ ಮಾತಾಡುವಾಗ ಮಗ ಅಲ್ಲಿ ಇರಬಾರದು.

2. ತ್ರೀಡಿ ಕೊನೆಗೆ. ಮೊದಲು ಇರೋ ಮನೆಯ ನಕ್ಷೆ: ಯಾವ ತೊಲೆ ಯಾವ ಗೋಡೆ ಮೇಲೆ ಕೂತಿದೆ ಅನ್ನೋದು ಅದರಲ್ಲಿರಬೇಕು. ಗೋಡೆ ಮುಟ್ಟೋ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಬೇಕು.

3. ಫೀ ಮೊದಲೇ ಗೊತ್ತು ಮಾಡಿದ ಮೊತ್ತ, ಪರ್ಸೆಂಟೇಜ್ ಅಲ್ಲ. ಸಾಮಾನು ನೀವೇ ಕೊಳ್ಳಿ, ಬಿಲ್ ನಿಮ್ಮ ಹೆಸರಿಗೇ ಇರಲಿ. ಪ್ಲೈವುಡ್ ಮೇಲಿನ ಗುರುತು ನೋಡಿ: ಐಎಸ್ 303 ಸಾಮಾನ್ಯ ಬಳಕೆಗೆ, ಐಎಸ್ 710 ನೀರು ತಡೆಯೋ ಮರೀನ್ ಪ್ಲೈ. ಎರಡಕ್ಕೂ ಒಂದೇ ರೇಟು ಹಾಕಿದ್ರೆ ಕೇಳಿ.

4. ಎಲ್ಲಾ ಬರಹದಲ್ಲಿ. ಯಾವ ಕೆಲಸಕ್ಕೆ ಎಷ್ಟು ರೊಕ್ಕ, ನಿಂತು ಹೋದ್ರೆ ಎಷ್ಟು ವಾಪಸ್. 2019ರ ಗ್ರಾಹಕ ರಕ್ಷಣೆ ಕಾಯ್ದೆ ಇಂಥ ಸೇವೆಗೂ ಅನ್ವಯಿಸುತ್ತೆ, ಆದ್ರೆ ಜಿಲ್ಲಾ ಆಯೋಗದ ಮುಂದೆ ಇಡೋಕೆ ಕಾಗದ ಬೇಕು.

5. ಫೇಸ್ ಒನ್ ಅಂದ್ರೆ ಶೌಚಾಲಯ, ವೈರಿಂಗ್, ಬೆಳಕು, ಹೊಗೆ. ಟಿವಿ ಯುನಿಟ್ ಫೇಸ್ ಟೂ!

ಐದನೆಯದರಲ್ಲಿ ಡಿಸೈನರ್‌ಗೆ ನಿಜವಾದ ಕೆಲಸ ಇದೆ, ಸುಲಭ ಅಂದ್ಕೋಬೇಡಿ. ನಮ್ಮದು ಎರಿ ಮಣ್ಣು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರುಕು ಬಿಡುತ್ತೆ. ಹಳೇ ಗೋಡೆಗೆ ಹೊಸ ಶೌಚಾಲಯ ಅಂಟಿಸಿದ್ರೆ ಎರಡೂ ಬೇರೆ ಬೇರೆ ಕೂತು ನಡುವೆ ಸೀಳುತ್ತೆ. ಪಾಯ ಎಷ್ಟು ಆಳ, ಹಳೇ-ಹೊಸದರ ನಡುವೆ ಸಂದು ಹೇಗೆ ಬಿಡೋದು, ನೀರು ಮಣ್ಣಿನ ಗೋಡೆಗೆ ಇಳಿಯದ ಹಾಗೆ ಹೇಗೆ ದಾಟಿಸೋದು, ಮಾಳಿಗೆಯ ಬಲ ಕೆಡಿಸದೆ ಬೆಳಕಿಂಡಿ ಎಲ್ಲಿ ಇಡೋದು... ಇವನ್ನ ಬಿಡಿಸೋ ಡಿಸೈನರ್‌ಗೆ ಕೇಳಿದಷ್ಟು ಫೀ ಕೊಡೋಣ, ಬೇಜಾರಿಲ್ಲ.

ಕೊನೇ ಮಾತು ನನ್ನ ಓರಗೆಯ ಹುಡುಗರಿಗೆ. ರೊಕ್ಕ ನಮ್ಮದು ಅಂದ ಮಾತ್ರಕ್ಕೆ ಮನೆ ನಮ್ಮದಾಗಲ್ಲ. ಆ ಮಾಳಿಗೆ ಮೇಲೆ ಶಂಡಿಗೆ ಒಣಗಿಸೋರು, ಬೇಸಿಗೆ ರಾತ್ರಿ ಮಲಗೋರು, ಕರಿ ದಿನ ನಿಂತು ಎತ್ತು ನೋಡೋರು ಅಲ್ಲೇ ಇರೋರು. ಮುಂದಿನ ಸಲ ಪಿಡಿಎಫ್ ಬಂದ್ರೆ "ಸೂಪರ್" ಅಂತ ಟೈಪ್ ಮಾಡೋ ಮುಂಚೆ ಅದನ್ನ ಊರಿಗೆ ಕಳಿಸಿ. ಅಪ್ಪ ರಾತ್ರಿ ಎದ್ದರೆ ಹಾಸಿಗೆಯಿಂದ ಶೌಚಾಲಯಕ್ಕೆ ಎಷ್ಟು ಹೆಜ್ಜೆ ಅಂತ ಆ ಚಿತ್ರದಲ್ಲಿ ಎಣಿಸಿ. ಎಣಿಸೋಕೆ ಆಗದಿದ್ರೆ, ಸಹಿ ಮಾಡಬೇಡಿ.